ಕಡ್ಡಿ–ಗೆಣ್ಣಿನ ಪೆಟ್ಟಿಗೆ ಬೀರುವಿನಿಂದ ಹೊರಬರಲಿ

ಮಾನ್ಯ ಸಂಪಾದಕರೇ,

ಗಣಿತ ಶಿಕ್ಷಕನಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ನಾನು, ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳವರು ಕರೆದಾಗ ಈಗಲೂ ಹೋಗಿ ಒಂದೆರಡು ಪಾಠ ಮಾಡಿ ಬರುತ್ತೇನೆ. ಈಚೆಗೆ ಅಂಥದೊಂದು ಶಾಲೆಯಲ್ಲಿ ಘನಾಕೃತಿಗಳ ಪಾಠಕ್ಕೆ ನಿಂತಾಗ, ಬೀರುವಿನ ಮೇಲಿನ ಹಲಗೆಯಲ್ಲಿ ಒಂದು ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದರಲ್ಲಿ ಬಣ್ಣದ ಪ್ಲಾಸ್ಟಿಕ್ ಕಡ್ಡಿಗಳೂ ಮೈತುಂಬ ತೂತುಗಳಿದ್ದ ಬಿಳಿ ಗುಂಡುಗಳೂ ಇದ್ದವು; ಕಡ್ಡಿಗಳನ್ನು ಗುಂಡಿನ ತೂತಿಗೆ ಸಿಕ್ಕಿಸಿ ಆಕಾರ ಕಟ್ಟುವ ಸಾಮಗ್ರಿ ಅದು. ದಾನಿಗಳೊಬ್ಬರು ಅದನ್ನು ಕೊಟ್ಟು ಎರಡು ವರ್ಷ ಕಳೆದಿದ್ದರೂ ಮೇಲಿನ ಹೊದಿಕೆಯನ್ನೇ ಯಾರೂ ಹರಿದಿರಲಿಲ್ಲ. ಕಾರಣ ಕೇಳಿದೆ. "ಒಂದು ಗುಂಡು ಕಳೆದರೂ ಆಡಿಟ್‌ನಲ್ಲಿ ನಾವೇ ಉತ್ತರ ಕೊಡಬೇಕು ಸಾರ್" ಎಂದು ಅಲ್ಲಿನ ಶಿಕ್ಷಕಿ ಬೇಸರದಿಂದಲೇ ಹೇಳಿದರು. ಅವರ ಮೇಲೆ ನನ್ನ ದೂರಿಲ್ಲ; ನಾನು ನೌಕರಿಯಲ್ಲಿದ್ದಾಗಲೂ ಇದೇ ಭಯಕ್ಕೆ ಎಷ್ಟೋ ಒಳ್ಳೆಯ ಸಾಮಗ್ರಿಗಳಿಗೆ ಬೀಗ ಹಾಕಿದ್ದುಂಟು. ಆದರೆ ಆ ಪೆಟ್ಟಿಗೆಯೊಳಗೆ ಏನಿತ್ತು ಎಂಬುದನ್ನು ಪಾಲಕರೂ ಅಧಿಕಾರಿಗಳೂ ತಿಳಿದರೆ ಈ ಭಯವನ್ನು ತೆಗೆಯುವ ದಾರಿಯೂ ಕಂಡೀತೆಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯ ಮಕ್ಕಳಿಗೆ ಕಬ್ಬಿನ ಜಲ್ಲೆ ತೋರಿಸಿ 'ಗೆಣ್ಣು' ಎಂದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಆದ್ದರಿಂದ ಆ ಬಿಳಿ ಗುಂಡಿಗೆ ನಾನು ಗೆಣ್ಣು ಎಂದೇ ಹೆಸರಿಟ್ಟಿದ್ದೇನೆ. ಉದ್ದವೆಲ್ಲ ಕಡ್ಡಿಯಲ್ಲಿರುತ್ತದೆ, ಕೋನವೆಲ್ಲ ಗೆಣ್ಣಿನಲ್ಲಿರುತ್ತದೆ. ಯಾವ ತೂತಿಗೆ ಕಡ್ಡಿ ಸಿಕ್ಕಿಸುತ್ತೀರೋ ಆ ದಿಕ್ಕು ಮೊದಲೇ ನಿಶ್ಚಯವಾಗಿರುತ್ತದೆ. ಕೋನಮಾಪಕ ಹಿಡಿದು ಅಳೆಯುವ, ತಪ್ಪುವ, ಮತ್ತೆ ಅಳಿಸುವ ಕೆಲಸವೇ ಇಲ್ಲದೆ ಮಗು ನೇರವಾಗಿ ಆಕಾರದ ಒಳಕ್ಕೆ ಇಳಿಯುತ್ತದೆ.

ಝೋಮ್‌ಟೂಲ್ ಎಂಬ ಹೆಸರಿನ ಈ ಪೆಟ್ಟಿಗೆಯ ಒಂದು ಗುಂಡಿನಲ್ಲಿ 62 ತೂತುಗಳಿವೆ: ಪಂಚಭುಜಾಕಾರದವು 12, ತ್ರಿಭುಜಾಕಾರದವು 20, ಆಯತಾಕಾರದವು 30. ಪಂಚಭುಜದ ತೂತಿಗೆ ಕೆಂಪು ಕಡ್ಡಿ, ತ್ರಿಭುಜದ್ದಕ್ಕೆ ಹಳದಿ, ಆಯತದ್ದಕ್ಕೆ ನೀಲಿ. ಇಪ್ಪತ್ತು ಮುಖಗಳ ವಿಂಶತಿಮುಖ ಘನಕ್ಕೆ 12 ಶೃಂಗ (ಮೂಲೆ), 20 ಮುಖ, 30 ಅಂಚು ಇರುವುದನ್ನು ಪಾಠ ಮಾಡಿದವರಿಗೆ ಈ ಮೂರು ಸಂಖ್ಯೆಗಳು ತಟ್ಟನೆ ಪರಿಚಯ ಹೇಳುತ್ತವೆ. ಶೃಂಗಗಳಿಗೆ ಮುಖಗಳನ್ನು ಕೂಡಿಸಿ ಅಂಚುಗಳನ್ನು ಕಳೆದರೆ 2 ಉಳಿಯುತ್ತದೆಂಬ ಆಯ್ಲರ್ ಸೂತ್ರ ಆ ಗುಂಡಿನ ಮೈಮೇಲೆಯೇ ಬರೆದಂತಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಕೈಗೆ ಒಂದು ಗುಂಡು ಕೊಟ್ಟು, ಪಂಚಭುಜದ ತೂತಿಗೆ ಕಣ್ಣಿಟ್ಟು ನೋಡಲು ಹೇಳಿದೆ. ಆ ದಿಕ್ಕಿಗೆ ಲಂಬವಾಗಿರುವ ತಲದಲ್ಲಿ ನೀಲಿ ಕಡ್ಡಿಗಳು 36 ಡಿಗ್ರಿಗೊಂದರಂತೆ ಹತ್ತು ದಿಕ್ಕಿಗೆ ಹೊರಡುತ್ತವೆ, ಹಾಗಾಗಿ ಅಲ್ಲಿ ಪಂಚಭುಜವೂ ದಶಭುಜವೂ ಕೂರುತ್ತವೆ. ತ್ರಿಭುಜದ ತೂತಿನಿಂದ ನೋಡಿದರೆ 60 ಡಿಗ್ರಿಯ ಷಡ್ಭುಜ, ಆಯತದ ತೂತಿನಿಂದ ನೋಡಿದರೆ 90 ಡಿಗ್ರಿಯ ಚೌಕ. ಅವಳು ಗುಂಡನ್ನು ತಿರುಗಿಸುತ್ತಾ, ಒಂದೊಂದು ತೂತಿಗೂ ಕಣ್ಣು ಹಚ್ಚುತ್ತಾ, ಬೆಲ್ ಹೊಡೆದರೂ ಎದ್ದಿರಲಿಲ್ಲ.

ಕೆಂಪು ಮತ್ತು ಹಳದಿ ಕಡ್ಡಿಗಳ ನಡುವೆ ಒಂದು ತಿರುಚು ಇರುತ್ತದೆ, ನೀಲಿಯಲ್ಲಿ ಇರುವುದಿಲ್ಲ. ಅಚ್ಚಿನ ದೋಷವಿರಬೇಕೆಂದು ಮೊದಲ ಸಲ ನೋಡಿದಾಗ ನಾನೂ ಅಂದುಕೊಂಡಿದ್ದೆ. ಗುಂಡಿನ ಎದುರುಬದುರು ಇರುವ ಎರಡು ಪಂಚಭುಜಗಳು ಒಂದಕ್ಕೊಂದು ತಲೆಕೆಳಗಾಗಿರುತ್ತವೆ, ತ್ರಿಭುಜಗಳೂ ಹಾಗೆಯೇ. ಆಯತವನ್ನು ಮಾತ್ರ ತಲೆಕೆಳಗು ಮಾಡಿದರೂ ಅದೇ ಆಯತ. ಇಡೀ ರಚನೆಯಲ್ಲಿ ಎಲ್ಲ ಗುಂಡುಗಳೂ ಒಂದೇ ಭಂಗಿಯಲ್ಲಿ ನಿಲ್ಲಬೇಕಾದ್ದರಿಂದ ಕಡ್ಡಿಯೇ ತಿರುಚಿಕೊಂಡು ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಸಮಮಿತಿ ಎಂಬ ಪಾಠವನ್ನು ಕಪ್ಪುಹಲಗೆಯ ಮೇಲೆ ಚಿಟ್ಟೆಯ ಚಿತ್ರ ಬರೆದು ನಾನು ಎಷ್ಟು ವರ್ಷ ಹೇಳಿದ್ದರೂ, ಇಷ್ಟು ಸ್ಪಷ್ಟವಾಗಿ ಹೇಳಲಾಗಿರಲಿಲ್ಲ.

ನೀಲಿ ಕಡ್ಡಿಗಳು ಮೂರು ಅಳತೆಯಲ್ಲಿ ಬರುತ್ತವೆ. ಚಿಕ್ಕದೊಂದು, ನಡುವಿನದೊಂದು ತೆಗೆದುಕೊಂಡು, ನಡುವೆ ಗುಂಡಿಟ್ಟು ನೇರವಾಗಿ ಜೋಡಿಸಿ, ಪಕ್ಕದಲ್ಲಿ ದೊಡ್ಡ ಕಡ್ಡಿಯನ್ನು ಇಟ್ಟರೆ ಎರಡರ ಉದ್ದವೂ ಗುಂಡಿನ ಕೇಂದ್ರದಿಂದ ಕೇಂದ್ರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಸರಿಹೋಗುತ್ತದೆ. ಪ್ರತಿ ಅಳತೆಯೂ ಹಿಂದಿನದರ ಸುಮಾರು 1.618 ಪಟ್ಟು ಇರುವುದೇ ಇದಕ್ಕೆ ಕಾರಣ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವುದು ಅದಕ್ಕೆ 1 ಕೂಡಿಸಿದಷ್ಟೇ. ವರ್ಗಸಮೀಕರಣದ ಪಾಠದಲ್ಲಿ ಸುವರ್ಣ ಅನುಪಾತದ ಈ ಸಮೀಕರಣವನ್ನು ಬಿಡಿಸಿ ಉತ್ತರದ ಕೆಳಗೆ ಎರಡು ಗೆರೆ ಎಳೆಯುವ ಮಕ್ಕಳಿಗೆ, ಅದು ಮೂರು ಕಡ್ಡಿಗಳಾಗಿ ಮೇಜಿನ ಮೇಲೆ ಮಲಗಿರುವುದನ್ನು ತೋರಿಸಬೇಡವೇ?

ಈ ಕಲ್ಪನೆ ಒಬ್ಬರ ತಲೆಯಲ್ಲಿ ಒಂದೇ ದಿನ ಹುಟ್ಟಿದ್ದಲ್ಲ. ಜರ್ಮನಿಯಲ್ಲಿ 1837ರಲ್ಲಿ ಶಿಶುವಿಹಾರ ಆರಂಭಿಸಿದ ಫ್ರೆಡ್ರಿಕ್ ಫ್ರೋಬೆಲ್, ನೆನೆಸಿದ ಬಟಾಣಿಗೆ ಕಡ್ಡಿ ಚುಚ್ಚಿ ಆಕಾರ ಕಟ್ಟುವುದನ್ನು ಮಕ್ಕಳ ಚಟುವಟಿಕೆಯಾಗಿ ರೂಪಿಸಿದರು. ಮುಂದೆ ಗೋಲಾಕಾರದ ಜಾಲರಿ ಗುಮ್ಮಟಗಳಿಗೆ ಹೆಸರಾದ ಬಕ್‌ಮಿನ್‌ಸ್ಟರ್ ಫುಲ್ಲರ್, ಬಾಲ್ಯದಲ್ಲಿ ದೃಷ್ಟಿ ಮಂದವಾಗಿದ್ದ ತಾನು ಬಟಾಣಿ–ಕಡ್ಡಿಯಲ್ಲಿ ಕೈಯಿಂದಲೇ ತಡವಿ ತ್ರಿಭುಜದ ಗಟ್ಟಿತನವನ್ನು ಕಂಡುಕೊಂಡೆನೆಂದು ಹೇಳಿಕೊಂಡಿದ್ದಾರೆ. 1967ರ ಮಾಂಟ್ರಿಯಲ್ ಮೇಳದಲ್ಲಿ ಅವರ ಗುಮ್ಮಟ 76 ಮೀಟರ್ ವ್ಯಾಸದ್ದಾಗಿತ್ತು. ಜರ್ಮನಿಯದೇ ಆದ ಮ್ಯಾಕ್ಸ್ ಮೆಂಗರಿಂಗ್‌ಹೌಸೆನ್ 1940ರ ದಶಕದಲ್ಲಿ ರೂಪಿಸಿದ ಮೆರೊ ಪದ್ಧತಿಯಲ್ಲಿ ಉಕ್ಕಿನ ಗುಂಡಿಗೆ 18 ತಿರುಪಿನ ತೂತುಗಳಿದ್ದು, ಕೊಳವೆಗಳನ್ನು ಅವುಗಳಿಗೆ ತಿರುಗಿಸಿ ದೊಡ್ಡ ದೊಡ್ಡ ಸಭಾಂಗಣಗಳ ಚಾವಣಿ ಕಟ್ಟುತ್ತಾರೆ. ಅಮೆರಿಕದ ಸ್ಟೀವ್ ಬೇರ್ 1960ರ ದಶಕದಲ್ಲಿ ಮನೆ ಕಟ್ಟಲೆಂದು ಕೋನಗಳನ್ನು ಕೆಡಿಸದೆ ಉದ್ದವನ್ನಷ್ಟೇ ಹಿಗ್ಗಿಸಬಹುದಾದ ಗುಮ್ಮಟಗಳನ್ನು ರೂಪಿಸಿ ಅವು ಝೋಮ್ ಎಂದು ಹೆಸರಾದವು. ಇಂದಿನ ಪ್ಲಾಸ್ಟಿಕ್ ಗುಂಡು ಅಚ್ಚಿನಿಂದ ಹೊರಬಂದದ್ದು 1992ರಲ್ಲಿ.

ಇಷ್ಟು ಹೊಗಳಿದ ಮೇಲೆ ಅದರ ಕೊರತೆಯನ್ನೂ ಹೇಳಬೇಕು. ನೀಲಿ, ಹಳದಿ, ಕೆಂಪು ಮೂರೇ ಇದ್ದರೆ ನಾಲ್ಕು ಸಮಬಾಹು ತ್ರಿಭುಜಗಳ ಸರಳ ಚತುರ್ಮುಖ ಘನವನ್ನು ಕಟ್ಟಲಾಗುವುದಿಲ್ಲ. ಅದರ ಅಂಚು ಚೌಕದ ಕರ್ಣದ ದಿಕ್ಕಿನಲ್ಲಿ ಹೋಗುತ್ತದೆ, ಅದಕ್ಕೆ 2ರ ವರ್ಗಮೂಲದ ಅಳತೆ ಬೇಕು. ಅದಕ್ಕಾಗಿಯೇ ಆಮೇಲೆ ಹಸಿರು ಕಡ್ಡಿಗಳನ್ನು ಸೇರಿಸಿದರು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಗುಂಡೇ ಕೋನವನ್ನು ಹಿಡಿದಿಡುವುದರಿಂದ, ಎಂಟು ಗುಂಡು, ಹನ್ನೆರಡು ನೀಲಿ ಕಡ್ಡಿಗಳ, ಆರು ಚೌಕ ಮುಖಗಳ ಘನ ಯಾವ ಆಸರೆಯೂ ಇಲ್ಲದೆ ನೆಟ್ಟಗೆ ನಿಲ್ಲುತ್ತದೆ, ಮಗು 'ಚೌಕ ಗಟ್ಟಿ' ಎಂದು ತಪ್ಪು ತಿಳಿದುಕೊಳ್ಳುತ್ತದೆ. ಆದ್ದರಿಂದ ಬಾಗುವ ಗೆಣ್ಣಿನಿಂದ ಪಾಠ ಶುರು ಮಾಡಿ, ಗಟ್ಟಿ ಗೆಣ್ಣನ್ನು ಆಮೇಲೆ ಕೊಡಬೇಕು ಎಂಬುದು ನನ್ನ ಅನುಭವದ ಮಾತು.

ಬಾಗುವ ಗೆಣ್ಣು ನಮ್ಮ ದೇಶದಲ್ಲಿ ಅತಿ ಅಗ್ಗದಲ್ಲಿ ಸಿಕ್ಕಿದೆ. 1970ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಹೊಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಕೆಲಸ ಮಾಡಿದ ಅರವಿಂದ ಗುಪ್ತ ಅವರು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ, ಟ್ಯೂಬಿನ ನಡುವೆ ಜಾಲಿ ಮುಳ್ಳಿನಿಂದ ತೂತು ಮಾಡಿ ಮೂರನೆಯ ಕಡ್ಡಿಯನ್ನೂ ಸೇರಿಸುವ ಉಪಾಯ ತೋರಿಸಿದರು. ಅದೂ ಸಿಗದ ಊರಿನಲ್ಲಿ ನಾನು ರಾತ್ರಿ ನೆನೆಸಿದ ಕಡಲೆಕಾಳು, ಗಂಧ ಹಚ್ಚದ ಅಗರಬತ್ತಿಯ ಬಿದಿರು ಕಡ್ಡಿ ಒಯ್ಯುತ್ತೇನೆ. ಅಗರಬತ್ತಿಗೆ ಹೆಸರಾದ ಮೈಸೂರಿನಲ್ಲಿ ನೇರವಾದ, ಒಂದೇ ಉದ್ದದ ಕಡ್ಡಿಗೆ ಬರವಿಲ್ಲ. ಎಂಟು ಕಾಳು, ಹನ್ನೆರಡು ಕಡ್ಡಿಯ ಘನವನ್ನು ಬೆರಳಿನಿಂದ ತಳ್ಳಿದರೆ ಅದು ವಾಲಿ ಮಲಗುತ್ತದೆ. ಒಂದು ಮುಖಕ್ಕೆ ಓರೆ ಕಡ್ಡಿ ಹಾಕಿ ನೋಡುತ್ತಾರೆ, ಇನ್ನೂ ವಾಲುತ್ತದೆ. ಎರಡು, ಮೂರು, ಹೀಗೆ ಆರೂ ಮುಖಕ್ಕೆ ಸರಿಯಾದ ಉದ್ದದ ಓರೆ ಕಡ್ಡಿ ಬಿದ್ದಾಗ ಕದಲದೆ ನಿಲ್ಲುತ್ತದೆ. ಗೆಣ್ಣುಗಳ ಸಂಖ್ಯೆಯನ್ನು 3ರಿಂದ ಗುಣಿಸಿ 6 ಕಳೆದಷ್ಟು ಕಡ್ಡಿ ಬೇಕೆಂದು ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1864ರಲ್ಲಿ ಹೇಳಿದ ನಿಯಮದಂತೆ ಎಂಟು ಗೆಣ್ಣಿಗೆ 18 ಕಡ್ಡಿ, ಅಂದರೆ ಹನ್ನೆರಡರ ಮೇಲೆ ಆರು. ಚತುರ್ಮುಖ ಘನದ ನಾಲ್ಕು ಗೆಣ್ಣಿಗೆ ಆರು, ವಿಂಶತಿಮುಖದ ಹನ್ನೆರಡಕ್ಕೆ ಮೂವತ್ತು. ಈ ಎರಡಕ್ಕೂ ಒಂದು ಕಡ್ಡಿಯನ್ನೂ ಹೆಚ್ಚಿಗೆ ಸೇರಿಸಬೇಕಾಗಿಲ್ಲ. ಎರಡು ದಿನ ಬಿಟ್ಟು ಬಂದರೆ ಕಾಳು ಒಣಗಿ ಕಡ್ಡಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಶಾಲೆಯಿಂದ ಮನೆಗೆ ಹೋಗುವಾಗ ಗದ್ದೆಯ ನಡುವೆ ನಿಂತ ಹೈಟೆನ್ಶನ್ ಕಂಬದ ಓರೆ ಪಟ್ಟಿಗಳನ್ನು ಆ ಮಕ್ಕಳು ಎಣಿಸಿ ಬಂದು ಮರುದಿನ ಹೇಳಿದ್ದಾರೆ.

ಗಟ್ಟಿ ಗೆಣ್ಣನ್ನೂ ಪರದೇಶದ ಪೆಟ್ಟಿಗೆಯಿಂದಲೇ ಪಡೆಯಬೇಕೆಂದಿಲ್ಲ. ಘನವೊಂದರ 6 ಮುಖ, 12 ಅಂಚು, 8 ಮೂಲೆಗಳ ದಿಕ್ಕಿಗೆ ಒಟ್ಟು 26 ತೂತು ಕೊರೆದ ಮರದ ಗುಂಡು ಶಾಲೆಯ ಬಹುಪಾಲು ಪಾಠಕ್ಕೆ ಸಾಕು. ಚನ್ನಪಟ್ಟಣದಲ್ಲಿ ಚರಕಿಯ ಮೇಲೆ ಬೊಂಬೆಯ ತಲೆಯನ್ನು ನುಣ್ಣಗೆ ತಿರುವುವ ಕೈಗಳಿಗೆ ಗುಂಡು ಮಾಡುವುದು ಕಷ್ಟವಲ್ಲ; ತೂತಿನ ದಿಕ್ಕು ತಪ್ಪದಂತೆ ಹಿಡಿದಿಡುವ ಒಂದು ಚೌಕಟ್ಟನ್ನು ನಮ್ಮ ಪಾಲಿಟೆಕ್ನಿಕ್ ಅಥವಾ ಐಟಿಐ ವಿದ್ಯಾರ್ಥಿಗಳು ಮಾಡಿಕೊಡಬಲ್ಲರು. ಅಟಲ್ ಟಿಂಕರಿಂಗ್ ಪ್ರಯೋಗಾಲಯವಿರುವ ಶಾಲೆಗಳಲ್ಲಿ ತ್ರೀಡಿ ಪ್ರಿಂಟರ್ ಇದೆ, ಪಂಚಭುಜದ ದಿಕ್ಕುಗಳಿರುವ ಗೆಣ್ಣನ್ನು ಮಕ್ಕಳೇ ಅಲ್ಲಿ ವಿನ್ಯಾಸ ಮಾಡಿ ಮುದ್ರಿಸಬಹುದು, ಆ ಕೋನಗಳ ಲೆಕ್ಕ ಹಾಕುವುದೇ ಒಂದು ತಿಂಗಳ ತ್ರಿಕೋನಮಿತಿ. ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಇಂಥ ಒಂದು ಮಳಿಗೆ ಇಟ್ಟು, ಬಂದ ಮಕ್ಕಳೆಲ್ಲ ಒಂದೊಂದು ಕಡ್ಡಿ ಸೇರಿಸುತ್ತಾ ಹೋಗುವಂತೆ ಮಾಡಿದರೆ ಎಷ್ಟು ಚೆನ್ನ.

ಇಲಾಖೆಯನ್ನು ನಾನು ಕೇಳುವುದು ಹಣವನ್ನಲ್ಲ, ಒಂದು ಸುತ್ತೋಲೆಯನ್ನು. ಗಣಿತದ ಕಡ್ಡಿ, ಗುಂಡುಗಳನ್ನು ಕುರ್ಚಿ, ಮೇಜು, ಗ್ಲೋಬುಗಳ ಜೊತೆ ಶಾಶ್ವತ ದಾಸ್ತಾನಿನ ವಹಿಯಲ್ಲಿ ಸೇರಿಸುವುದನ್ನು ಬಿಟ್ಟು, ಸೀಮೆಸುಣ್ಣದಂತೆ ಬಳಸಿ ಖರ್ಚಾಗುವ ಸಾಮಗ್ರಿಯೆಂದು ಬರೆಯಲು ಮುಖ್ಯ ಶಿಕ್ಷಕರಿಗೆ ಅನುಮತಿ ಕೊಡಬೇಕು. ರಸಾಯನಶಾಸ್ತ್ರದ ಪ್ರನಾಳ ಒಡೆದರೆ ಬರೆದಿಡಲು ಒಂದು ಪುಸ್ತಕವಿದೆ, ಯಾರೂ ಅದಕ್ಕೆ ಹೆದರಿ ಪ್ರನಾಳವನ್ನು ಬೀರುವಿನಲ್ಲಿಡುವುದಿಲ್ಲ. ಬಳಸಿದ್ದರಿಂದ ಕಳೆದುಹೋದ ಗುಂಡಿಗೆ ಶಿಕ್ಷಕರ ಸಂಬಳದಿಂದ ಮುರಿಯುವುದಿಲ್ಲವೆಂಬ ಒಂದು ಸಾಲು ಆ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಇರಬೇಕು.

ಆ ದಿನ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಜವಾಬ್ದಾರಿ ನನ್ನದೆಂದು ಹೇಳಿ, ನಾವು ಪೆಟ್ಟಿಗೆಯ ಹೊದಿಕೆ ಹರಿದೆವು. ಪಾಠ ಮುಗಿದಾಗ ಮಕ್ಕಳೇ ಗುಂಡುಗಳನ್ನು ಹತ್ತು ಹತ್ತರ ಸಾಲಿನಲ್ಲಿ ಎಣಿಸಿ ಇಟ್ಟರು, ಒಂದೂ ಕಡಿಮೆಯಾಗಿರಲಿಲ್ಲ. ಹಳದಿ ಕಡ್ಡಿಯೊಂದು ಮಾತ್ರ ತಿರುಚಿನ ಹತ್ತಿರ ಮುರಿದಿತ್ತು. ಅದನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ಶಿಕ್ಷಕಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎರಡು ತುಂಡನ್ನೂ ಕಾಗದದಲ್ಲಿ ಸುತ್ತಿ, ದಿನಾಂಕ ಹಾಕಿ, ನಾನು ಸಹಿ ಮಾಡಿ ಪೆಟ್ಟಿಗೆಯಲ್ಲೇ ಇಟ್ಟು ಬಂದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ, ಮಂಡ್ಯ