ಹಳೆಯ ಕೂಪೆಗೆ ಮೊದಲು ರಬ್ಬರು, ಆಮೇಲೆ ಬೂಸ್ಟು

ಮಾನ್ಯ ಸಂಪಾದಕರೇ,

ಹಳೆಯ ಜಪಾನೀ ಸ್ಪೋರ್ಟ್ಸ್ ಕೂಪೆ (ಎರಡು ಬಾಗಿಲಿನ ಕಾರು) ಕೊಂಡವರಿಗೆಂದು ನಿಮ್ಮ ವಾಹನ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕಾರು ಕೈಗೆ ಬಂದ ಕೂಡಲೇ ತೆರೆದ ಏರ್ ಫಿಲ್ಟರ್, ದಪ್ಪ ಕೊಳವೆಯ ಎಕ್ಸಾಸ್ಟ್, ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಏರಿಸುವ ಕಂಟ್ರೋಲರ್, ಗಿಡ್ಡ ಸ್ಪ್ರಿಂಗು ಹಾಕಿಸಿ ಎಂದು ಅದರಲ್ಲಿ ಹೇಳಲಾಗಿದೆ. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆಯಿದ್ದರೆ ಎಂಜಿನ್ ಮುಟ್ಟಬೇಕಿಲ್ಲ ಎಂಬ ಮಾತೂ ಇದೆ. ಎರಡಕ್ಕೂ ನನ್ನ ತಕರಾರಿದೆ. ಈ ಕಾರುಗಳನ್ನು ಕೆಡಿಸುವುದು ಓಟಕ್ಕಿಂತ ಹೆಚ್ಚಾಗಿ ವಯಸ್ಸು. 30 ವರ್ಷದ ಕಾರು 50 ಸಾವಿರ ಕಿ.ಮೀ. ಮಾತ್ರ ಓಡಿದ್ದರೂ ಅದರ ರಬ್ಬರಿನ ಹೋಸು, ಸೀಲು, ಬುಷ್ಷುಗಳಿಗೆ (ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ರಬ್ಬರು) 30 ವರ್ಷವೇ ಆಗಿರುತ್ತದೆ. ನಿಂತೇ ಇದ್ದ ಕಾರಿನಲ್ಲಂತೂ ಆಯಿಲ್ ಸೀಲುಗಳು ಒಣಗಿ ಬಿರುಸಾಗಿರುತ್ತವೆ, ಓಡಿಸಲು ಶುರು ಮಾಡಿದ ಕೆಲವೇ ವಾರಗಳಲ್ಲಿ ಸೋರತೊಡಗುತ್ತವೆ.

ಮೊದಲು ತಿಳಿಯಬೇಕಾದದ್ದು ಎಂಜಿನ್ ಚೈನಿನದೋ ಬೆಲ್ಟಿನದೋ, ಅಂದರೆ ವಾಲ್ವು ತೆರೆಯುವ ಕ್ಯಾಮನ್ನು ಕ್ರ್ಯಾಂಕಿನಿಂದ ತಿರುಗಿಸುವುದು ಯಾವುದು ಎಂಬುದು. ನಿಸ್ಸಾನ್ ಸಿಲ್ವಿಯಾದ ಎಸ್‌ಆರ್20 ಚೈನಿನದು. ಅದೇ ಕಂಪನಿಯ 300ಝಡ್‌ಎಕ್ಸ್‌ನ ವಿ6, ಮಿತ್ಸುಬಿಷಿ ಜಿಟಿಒದ ವಿ6, ಹೋಂಡಾ ಪ್ರಿಲ್ಯೂಡ್‌ನ ಎಚ್22 ಬೆಲ್ಟಿನವು. ಇವುಗಳಲ್ಲಿ ಬೆಲ್ಟ್ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ, ಹೆಡ್ (ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ) ಬಿಚ್ಚದೆ ಬೇರೆ ದಾರಿಯಿಲ್ಲ. ಬೆಲ್ಟನ್ನು ಸುಮಾರು ಒಂದು ಲಕ್ಷ ಕಿ.ಮೀ.ಗೆ ಬದಲಿಸಿದರೆ ಸಾಕು ಎಂಬುದು ಕಾರು ಹೊಸದಿದ್ದಾಗಿನ ಲೆಕ್ಕ. ಹಿಂದಿನ ಮಾಲೀಕ ಬದಲಿಸಿದ್ದಕ್ಕೆ ಬಿಲ್ಲಿನ ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿಯಬೇಕು. ಬೆಲ್ಟೊಂದನ್ನೇ ಹಾಕಿ ಮುಚ್ಚುವುದು ದಡ್ಡತನ. ಟೆನ್ಷನರ್, ಐಡ್ಲರ್ ಬೇರಿಂಗು, ವಾಟರ್ ಪಂಪು, ಕ್ಯಾಮ್ ಮತ್ತು ಕ್ರ್ಯಾಂಕಿನ ಮುಂಭಾಗದ ಸೀಲುಗಳೂ ಅದೇ ಹೊತ್ತಿಗೆ ಹೊಸದಾಗಬೇಕು, ಏಕೆಂದರೆ ಹಳೆಯ ಸೀಲಿನಿಂದ ತೊಟ್ಟಿಕ್ಕುವ ಆಯಿಲು ಹೊಸ ಬೆಲ್ಟನ್ನು ತಿನ್ನುತ್ತದೆ. ಎಚ್22ರಲ್ಲಿ ಎಂಜಿನ್ನಿನ ಅದುರು ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿಗೆ ಇನ್ನೊಂದು ಬೆಲ್ಟ್ ಇದೆ. ಆ ಶಾಫ್ಟಿನ ಮುಂದಿನ ಸೀಲು ಜಾರಿ ಹೊರಬಂದರೆ ಆಯಿಲೆಲ್ಲ ಸುರಿದುಹೋಗುತ್ತದೆ, ಹಾಗಾಗಿ ಅದನ್ನು ಹಿಡಿದಿಡುವ ತಗಡಿನ ರಿಟೇನರ್ ಇದೆಯೇ ನೋಡಿ. ಬೆಲ್ಟ್ ಕೂರಿಸಿದ ಮೇಲೆ ಸ್ಟಾರ್ಟರ್ ಮುಟ್ಟುವ ಮುನ್ನ ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು, ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ, ಗುರುತುಗಳು ಮತ್ತೆ ಕೂಡುತ್ತವೆಯೇ ಪರೀಕ್ಷಿಸಬೇಕು. ಆ ಕಾಲದ ಹೋಂಡಾ ಎಂಜಿನ್ನುಗಳು ಹೆಚ್ಚಾಗಿ ಅಪ್ರದಕ್ಷಿಣೆಯಾಗಿ ತಿರುಗುತ್ತವೆ ಎಂಬುದನ್ನು ಮರೆತು ಉಲ್ಟಾ ತಿರುಗಿಸಿದರೆ ಬೆಲ್ಟ್ ಹಲ್ಲು ಹಾರುವ ಅಪಾಯವಿದೆ.

ಎಂಜಿನ್ನಿನ ಆರೋಗ್ಯವನ್ನು ಶಬ್ದದಿಂದ ಅಳೆಯಲಾಗದು, ಗೇಜು ಹಾಕಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಎಂಜಿನ್ ಬಿಸಿಯಾಗಿರಲಿ. ಪ್ಲಗ್ಗುಗಳೆಲ್ಲ ಹೊರಗೆ, ಇಂಧನ ಮತ್ತು ಇಗ್ನಿಷನ್ ಬಂದ್, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಸಿಲಿಂಡರುಗಳ ನಡುವೆ 1 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು, ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್. ಮಾಜ್ದಾ ಆರ್‌ಎಕ್ಸ್-7ರ ರೋಟರಿ ಎಂಜಿನ್ನಿಗೆ (ಪಿಸ್ಟನ್ ಬದಲು ತ್ರಿಕೋನದ ರೋಟರು ತಿರುಗುವಂಥದ್ದು) ಈ ಗೇಜು ಸಾಲದು. ಒಂದು ರೋಟರಿಗೆ ಮೂರು ಮುಖ. ಸಾಮಾನ್ಯ ಗೇಜು ಅವುಗಳಲ್ಲಿ ಗಟ್ಟಿಯಾದ ಮುಖದ ಒತ್ತಡವನ್ನಷ್ಟೇ ತೋರಿಸಿ, ಸೋತ ಮುಖಗಳನ್ನು ಮರೆಮಾಡುತ್ತದೆ. ಮೂರನ್ನೂ ಬೇರೆಬೇರೆಯಾಗಿ ದಾಖಲಿಸುವ ರೋಟರಿ ಟೆಸ್ಟರೇ ಬೇಕು. ಇದಿಲ್ಲದೆ ಆರ್‌ಎಕ್ಸ್-7 ಕೊಳ್ಳುವವರ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು.

ಕೂಲಿಂಗ್ ವಿಷಯದಲ್ಲಿ ಲೇಖನ ಒಂದು ಸಾಲಿನಲ್ಲಿ ಮುಗಿಸಿದೆ, ಆದರೆ ಅಲ್ಯೂಮಿನಿಯಂ ಹೆಡ್ಡುಗಳನ್ನು ಹಾಳು ಮಾಡುವುದು ಇದೇ. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿರುಕಿಗೆ ದೂರವಿಲ್ಲ. ಆರ್‌ಎಕ್ಸ್-7ರ ಮೂರನೇ ತಲೆಮಾರಿನಲ್ಲಿ ಗಾಳಿ ಬೇರ್ಪಡಿಸುವ ಪ್ಲಾಸ್ಟಿಕ್ ಟ್ಯಾಂಕಿನ ಕತೆಯೂ ಅಷ್ಟೇ. ಅಲ್ಯೂಮಿನಿಯಂ ಟ್ಯಾಂಕು ಹಾಕಿಸಿಕೊಳ್ಳುವುದು ಅಲ್ಲಿ ಶೋಕಿ ಅಲ್ಲ. ಹೋಸುಗಳು, ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳ ಒಟ್ಟಿಗೇ ಬದಲಾಗಲಿ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ. ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಕಾರಿನ ಮೂತಿ ಎತ್ತರಿಸಿ, ಗುಳ್ಳೆ ನಿಲ್ಲುವವರೆಗೂ ಕಾಯಬೇಕು. ಒಳಗೆ ಉಳಿದ ಗಾಳಿ ಹೆಡ್ಡಿನ ಬಳಿ ಸೇರಿದರೆ ಟೆಂಪರೇಚರ್ ಮುಳ್ಳು ನೆಟ್ಟಗಿದ್ದಂತೆಯೇ ಎಂಜಿನ್ ಮಿತಿಮೀರಿ ಬಿಸಿಯಾಗುತ್ತಿರುತ್ತದೆ.

ಇಂಧನದ ಹೋಸು ಕೊಳ್ಳುವಾಗ ಮೈಮೇಲೆ ಏನು ಅಚ್ಚಾಗಿದೆ ಓದಿ. ಇಂಜೆಕ್ಷನ್ ಕಾರಿಗೆ ಆರ್9 ದರ್ಜೆಯ ಹೋಸು, ಅಂಚು ಮಡಿಚಿದ ಇಂಜೆಕ್ಷನ್ ಕ್ಲ್ಯಾಂಪು. ಕಾರ್ಬ್ಯುರೇಟರಿಗೆ ನಡೆಯುವ ಆರ್7 ಇಲ್ಲಿ ಒತ್ತಡಕ್ಕೂ ಎಥನಾಲಿಗೂ ತಡೆಯದು. ಟ್ಯಾಂಕಿನ ಒಳಗೆ ಮುಳುಗಿರುವ ತುಂಡಿಗೆ ಆರ್10 ಬೇಕು, ಹೊರಗಿನ ಹೋಸನ್ನೇ ಕತ್ತರಿಸಿ ಹಾಕಿದರೆ ಉಬ್ಬಿ ಕರಗುತ್ತದೆ. ಎಥನಾಲ್ ಬೆರೆತ ಪೆಟ್ರೋಲು ಹಳೆಯ ಟ್ಯಾಂಕಿನ ಜಿಗುಟನ್ನು ಎಬ್ಬಿಸುವುದರಿಂದ ಮೊದಲ ಫ್ಯುಯೆಲ್ ಫಿಲ್ಟರ್ ಬೇಗ ಕಟ್ಟುತ್ತದೆ, ಎರಡನೆಯದನ್ನು ಕೈಯಲ್ಲಿಟ್ಟುಕೊಂಡಿರಿ.

ವಿದ್ಯುತ್ತಿನ ತೊಂದರೆಗಳು ಈ ಕಾರುಗಳಲ್ಲಿ ಮಾಟದಂತೆ ಕಂಡರೂ ಕಾರಣಗಳು ಬೆರಳೆಣಿಕೆಯವು. ಬಿಸಿಲಲ್ಲಿ ನಿಂತ ಹೋಂಡಾ ಸ್ಟಾರ್ಟ್ ಆಗದೆ, ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆದರೆ ಇಂಧನದ ಪಂಪಿಗೆ ವಿದ್ಯುತ್ ಹಾಯಿಸುವ ಮೇನ್ ರಿಲೇಯ ಬೆಸುಗೆ ಬಿರುಕು ಬಿಟ್ಟಿರುವ ಸಂಭವ ಹೆಚ್ಚು. ಕೀ ಆನ್ ಮಾಡಿದಾಗ ಹಿಂದಿನಿಂದ ಎರಡು ಸೆಕೆಂಡು ಪಂಪಿನ ಗುಂಯ್ ಸದ್ದು ಕೇಳದಿದ್ದರೆ ರಿಲೇ ಬಿಚ್ಚಿ ಬೆಸುಗೆ ಮತ್ತೆ ಕರಗಿಸಿ. 1990ರ ದಶಕದ ಆರಂಭದ ಮಿತ್ಸುಬಿಷಿಗಳಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರು) ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಸೋರಿ ಬೋರ್ಡನ್ನೇ ತಿನ್ನುತ್ತವೆ. ಮುಚ್ಚಳ ತೆಗೆದಾಗ ಮೀನಿನ ವಾಸನೆ ಬಂದರೆ ತಡಮಾಡದೆ 105 ಡಿಗ್ರಿ ದರ್ಜೆಯ ಹೊಸ ಕೆಪಾಸಿಟರ್ ಹಾಕಿಸಬೇಕು; ಈ ಕೆಲಸ ಕೆಡುವ ಮುನ್ನ ಮಾಡಿದರೆ ಅಗ್ಗ. ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಅರ್ತ್ ಪಟ್ಟಿ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಬಿಗಿದರೆ ಅರ್ಧದಷ್ಟು ದೂರುಗಳು ಅಲ್ಲಿಗೇ ತೀರುತ್ತವೆ.

ಬ್ರೇಕ್ ವಿಷಯದಲ್ಲಿ ದೊಡ್ಡ ಕ್ಯಾಲಿಪರಿನ (ಡಿಸ್ಕಿಗೆ ಪ್ಯಾಡು ಒತ್ತುವ ಭಾಗ) ಯೋಚನೆ ಕೊನೆಗಿರಲಿ. ಬ್ರೇಕ್ ಆಯಿಲು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲು ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿದರೆ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯ ಇಳಿಜಾರಿನಲ್ಲಿ ಪೆಡಲು ಮೆತ್ತಗಾಗುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಸಿಲಿಕಾನಿನ ಡಾಟ್ 5 ಮಾತ್ರ ಇದಕ್ಕೆ ಬೆರೆಸಬೇಡಿ. ಕ್ಯಾಲಿಪರು ಜಾರುವ ಸ್ಲೈಡ್ ಪಿನ್ನಿಗೆ ಸಿಲಿಕಾನ್ ಗ್ರೀಸೇ ಬೇಕು, ಪೆಟ್ರೋಲಿಯಂ ಗ್ರೀಸು ರಬ್ಬರನ್ನು ಉಬ್ಬಿಸಿ ಪಿನ್ ಹಿಡಿದುಬಿಡುತ್ತದೆ. ಹ್ಯಾಂಡ್‌ಬ್ರೇಕ್ ಸೇರಿಕೊಂಡಿರುವ ಹಿಂದಿನ ಕ್ಯಾಲಿಪರುಗಳಲ್ಲಿ ಪಿಸ್ಟನ್ ಅನೇಕ ಕಡೆ ತಿರುಗಿಸಿ ಒಳಗೆ ಕಳಿಸುವಂಥದ್ದು; ಸಿ-ಕ್ಲ್ಯಾಂಪಿನಿಂದ ಒತ್ತಿದರೆ ಒಳಗಿನ ಯಂತ್ರ ಮುರಿಯುತ್ತದೆ. ಡಿಸ್ಕ್ ಹಿಡಿದಿರುವ ಸ್ಕ್ರೂಗಳ ತಲೆ ಜೆಐಎಸ್ (ಜಪಾನೀ ಮಾನದಂಡ) ಮಾದರಿಯದು, ನೋಡಲು ಫಿಲಿಪ್ಸ್‌ನಂತಿದ್ದರೂ ಅಲ್ಲ. ಫಿಲಿಪ್ಸ್ ಡ್ರೈವರ್ ಜಾರಿ ತಲೆಯನ್ನು ಸವೆಸುತ್ತದೆ. ಜೆಐಎಸ್ ತುದಿ ಮತ್ತು ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರು ಇದ್ದರೆ ಒಂದೇ ಏಟಿಗೆ ಸಡಿಲ. ಡಿಸ್ಕ್ ಹಬ್ಬಿಗೆ ಅಂಟಿದ್ದರೆ ಅದರಲ್ಲೇ ಇರುವ ಎರಡು ತೂತುಗಳಿಗೆ 8 ಮಿ.ಮೀ. ಬೋಲ್ಟು ಹಾಕಿ ಸಮವಾಗಿ ಬಿಗಿಯುತ್ತ ಹೋದರೆ ತಾನೇ ಹೊರಬರುತ್ತದೆ.

ಸಸ್ಪೆನ್ಷನ್ ಬುಷ್ಷುಗಳನ್ನು ಹೊಸದಾಗಿ ಹಾಕಿದರೂ ವರ್ಷದೊಳಗೆ ಹರಿಯುತ್ತವೆ ಎಂಬ ದೂರು ಸಾಮಾನ್ಯ. ಕಾರಣ ಬಹುತೇಕ ಒಂದೇ. ಕಾರು ಜಾಕಿನ ಮೇಲಿದ್ದು ಚಕ್ರ ಜೋತಾಡುವಾಗಲೇ ಆರ್ಮಿನ ಬೋಲ್ಟು ಪೂರ್ತಿ ಬಿಗಿದಿರುತ್ತಾರೆ. ಕೆಳಗಿಳಿಸಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಬದುಕಬೇಕಾಗುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿತ ಕೊಡಬೇಕು. ಗಿಡ್ಡ ಸ್ಪ್ರಿಂಗಿನ ಆಸೆಯಿದ್ದರೆ ಹೊಸ ಶಾಕ್ ಅಬ್ಸಾರ್ಬರೂ ಜೊತೆಗಿರಲಿ, ಇಳಿಕೆ 25-30 ಮಿ.ಮೀ. ದಾಟದಿರಲಿ, ಆಮೇಲೆ ಅಲೈನ್‌ಮೆಂಟ್ ತಪ್ಪದಿರಲಿ. ಹೊಸ ಅಲಾಯ್ ಚಕ್ರ ಹಾಕುವವರು ನಟ್ಟಿನ ಎಳೆ (ಮಿ.ಮೀ.ಗಳಲ್ಲಿ ಸ್ಟಡ್ಡಿನ ದಪ್ಪ × ಎಳೆಗಳ ಅಂತರ) ನೋಡಿಕೊಳ್ಳಿ: ನಿಸ್ಸಾನ್, ಸುಬಾರುಗಳದ್ದು 12×1.25, ಟೊಯೋಟಾ, ಹೋಂಡಾ, ಮಾಜ್ದಾ, ಮಿತ್ಸುಬಿಷಿಗಳದ್ದು 12×1.5. ಅದಲುಬದಲಾದರೆ ಎರಡು ಸುತ್ತು ಸರಾಗವಾಗಿ ಹೋಗಿ, ಆಮೇಲೆ ಸ್ಟಡ್ಡನ್ನೇ ಹಾಳು ಮಾಡುತ್ತದೆ. ಟೈರಿನ ಗೀರುಗಳು ಆಳವಾಗಿದ್ದರೂ ಬದಿಯಲ್ಲಿರುವ ನಾಲ್ಕಂಕಿ ಓದಿ. ಮೊದಲೆರಡು ಟೈರು ತಯಾರಾದ ವಾರ, ನಂತರದೆರಡು ವರ್ಷ.

ಇನ್ನು ಬೂಸ್ಟಿನ ಮಾತು. 1989ರಿಂದ 2004ರವರೆಗೆ ಜಪಾನಿನ ತಯಾರಕರು ತಮ್ಮೊಳಗೆ 280 ಪಿಎಸ್‌ನ (ಅಶ್ವಶಕ್ತಿಯ ಮೆಟ್ರಿಕ್ ಅಳತೆ) ಮಿತಿ ಹಾಕಿಕೊಂಡಿದ್ದರು, ಹಾಗಾಗಿ ಕೆಲವು ಎಂಜಿನ್ನುಗಳಲ್ಲಿ ಬಳಸದೆ ಬಿಟ್ಟ ಶಕ್ತಿ ಇದೆ ಎಂದು ಲೇಖಕರು ಹೇಳಿದ್ದು ಸರಿ. ಆದರೆ ಆ ಉಳಿಕೆ ಹೊಸ ಎಂಜಿನ್ನಿಗೆ, ಹೊಸ ಹೋಸುಗಳಿಗೆ, ಜಪಾನಿನ ಪ್ರೀಮಿಯಂ ಪೆಟ್ರೋಲಿಗೆ ಲೆಕ್ಕ ಹಾಕಿದ್ದು. ಅಲ್ಲಿಯ ಮಾನದಂಡದಲ್ಲಿ ಪ್ರೀಮಿಯಂ ಎಂದರೆ ಕನಿಷ್ಠ 96 ಆಕ್ಟೇನ್. 91ರ ಪೆಟ್ರೋಲು ಹಾಕಿ ಬೂಸ್ಟ್ ಏರಿಸಿದರೆ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಖಚಿತ. ಆರ್‌ಎಕ್ಸ್-7ರಲ್ಲಿ ದಪ್ಪ ಎಕ್ಸಾಸ್ಟ್ ಹಾಕಿ ಅನಿಲಕ್ಕೆ ಅಡೆತಡೆಯೇ ಇಲ್ಲದಂತೆ ಮಾಡಿದರೆ ಕಂಟ್ರೋಲರ್ ಇಲ್ಲದೆಯೂ ಬೂಸ್ಟ್ ಏರುತ್ತದೆ, ಏಕೆಂದರೆ ಟರ್ಬೊಗೆ ಹೆಚ್ಚಾದ ಅನಿಲ ಹೊರಬಿಡುವ ಚಿಕ್ಕ ವೇಸ್ಟ್‌ಗೇಟಿನಿಂದ ಅಷ್ಟು ಅನಿಲ ಪಕ್ಕಕ್ಕೆ ಹೋಗಲಾರದು. ಕಂಪನಿಯ ಸುಮಾರು 0.7 ಬಾರ್ ದಾಟಿ ಒತ್ತಡ ಮೇಲೇರುತ್ತದೆ, ಇಂಜೆಕ್ಟರಿಗೆ ಇಂಧನ ಪೂರೈಸಲಾಗದು, ಮಿಶ್ರಣ ತೆಳುವಾಗಿ ಒಂದೇ ನಾಕಿಗೆ ರೋಟರಿನ ಮೂಲೆಯ ಅಪೆಕ್ಸ್ ಸೀಲು ಮುರಿಯುತ್ತದೆ. ಲೇಖನ ಎರಡನೆಯ ಸ್ಥಾನದಲ್ಲಿಟ್ಟ ದಪ್ಪ ಎಕ್ಸಾಸ್ಟ್ ಮಾಡುವ ಕೆಲಸ ಇದು.

ಬೂಸ್ಟ್ ಏರಿಸಲೇಬೇಕೆಂದರೆ ಮೊದಲು ಸೋರಿಕೆ ಪರೀಕ್ಷೆ. ಟರ್ಬೊದ ಬಾಯಿಗೆ ಮುಚ್ಚಳ ಕಟ್ಟಿ, ಕಂಪನಿಯ ಬೂಸ್ಟ್ ಎಷ್ಟೋ ಅಷ್ಟೇ ಗಾಳಿ ತುಂಬಿ, ಕೂಡುಗಳಿಗೆ ಸೋಪುನೀರು ಬಳಿಯಿರಿ. ನಂತರ ಬಿರುಕುಬಿಟ್ಟ ವ್ಯಾಕ್ಯೂಮ್ ಹೋಸುಗಳನ್ನು ಒಂದೊಂದಾಗಿ, ಜಾಗ ತಪ್ಪದಂತೆ ಸಿಲಿಕಾನಿನವಕ್ಕೆ ಬದಲಿಸಿ. ಹೊಸ ಪ್ಲಗ್ಗುಗಳ ಗ್ಯಾಪು 0.7-0.8 ಮಿ.ಮೀ.ಗೆ ಇಳಿಸಿ. ಇಂಧನದ ಪಂಪು, ಫಿಲ್ಟರು ಹೊಸದಾಗಿರಲಿ, ಮಿಶ್ರಣದ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರು ಕೂರಿಸಿರಲಿ. ಪೂರ್ತಿ ಬೂಸ್ಟಿನಲ್ಲಿ ಗಾಳಿ-ಪೆಟ್ರೋಲಿನ ಅನುಪಾತ 11.5ರ ಆಸುಪಾಸಿನಲ್ಲಿರಬೇಕು, 12.5 ಕಡೆಗೆ ಜಾರುತ್ತಿದ್ದರೆ ಕಾಲು ತೆಗೆಯಿರಿ. ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಸಮಯದ ಪಾಲು) ಶೇ 85 ಮುಟ್ಟಿದರೆ ಅದೇ ಆ ಇಂಜೆಕ್ಟರಿನ ಕೊನೆ.

ಕಡೆಯದಾಗಿ, ಆ ಲೇಖನದ ಜೊತೆಗಿದ್ದ ಆಯಿಲ್ ಪಟ್ಟಿಯಲ್ಲಿ ಗೇರ್‌ಬಾಕ್ಸಿಗೆಲ್ಲ ಜಿಎಲ್-5 ದರ್ಜೆಯ ಗೇರ್ ಆಯಿಲ್ ಎಂದು ಅಚ್ಚಾಗಿದೆ. ದಯವಿಟ್ಟು ತಿದ್ದುಪಡಿ ಪ್ರಕಟಿಸಿ. ಜಿಎಲ್-5ರಲ್ಲಿ ಗಂಧಕ-ರಂಜಕದ ಅಂಶ ಹೆಚ್ಚು. ಅದು ಗೇರುಗಳ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೋ ರಿಂಗನ್ನು ತಿನ್ನುವುದಲ್ಲದೆ, ಅತಿಯಾಗಿ ಜಾರುವುದರಿಂದ ಗೇರು ಕರಕರ ಎನ್ನುತ್ತದೆ. ಆ ಕಾಲದ ನಿಸ್ಸಾನ್ ಗೇರ್‌ಬಾಕ್ಸಿಗೆ 75ಡಬ್ಲ್ಯು-90ರ ಜಿಎಲ್-4. ಜಿಎಲ್-5 ಅದರ ಹಿಂದಿನ ಡಿಫರೆನ್ಷಿಯಲ್ಲಿಗೆ. ಹೋಂಡಾಕ್ಕೆ ತೆಳ್ಳನೆಯ ಎಂಟಿಎಫ್ (ಮ್ಯಾನುಯಲ್ ಟ್ರಾನ್ಸ್‌ಮಿಷನ್ ಫ್ಲೂಯಿಡ್), ಗೇರ್ ಆಯಿಲೇ ಅಲ್ಲ. ಸುಬಾರು ಇದಕ್ಕೆ ಹೊರತು, ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಇರುವುದರಿಂದ ಅಲ್ಲಿ ಜಿಎಲ್-5 ಸರಿ. ಪಟ್ಟಿ ನೋಡಿ ಆಯಿಲ್ ಬದಲಿಸುವವರಿಗೆ ಇನ್ನೊಂದು ಸೂಚನೆಯೂ ಜೊತೆಗಿರಲಿ: ಕೆಳಗಿನ ಡ್ರೈನ್ ಬೋಲ್ಟು ಬಿಚ್ಚುವ ಮುನ್ನ ಮೇಲಿನ ಫಿಲ್ಲರ್ ಬೋಲ್ಟು ಸಡಿಲವಾಗುತ್ತದೆಯೇ ನೋಡಿಕೊಳ್ಳಬೇಕು. ಅದು ತುಕ್ಕು ಹಿಡಿದು ಬಿಚ್ಚದಿದ್ದರೆ, ಆಯಿಲು ಖಾಲಿಯಾದ ಗೇರ್‌ಬಾಕ್ಸಿಗೆ ತುಂಬುವ ದಾರಿಯೇ ಇರುವುದಿಲ್ಲ.

ಇಂತಿ,
ಪುರವಣಿಯ ಓದುಗ