16 ವರ್ಷದೊಳಗಿನ ಮಕ್ಕಳ ಕನ್ನಡಕ: ಜೂನ್ 1ರಿಂದ ಒಂದು ಬದಲಾವಣೆ

ನಮ್ಮ ಅಂಗಡಿಯ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಜೂನ್ 1ರಿಂದ 16 ವರ್ಷದೊಳಗಿನ ಮಕ್ಕಳಿಗೆ ಬರೀ ಕಂಪ್ಯೂಟರ್ ಟೆಸ್ಟ್ ನೋಡಿ ನಾವು ಕನ್ನಡಕ ಮಾಡಿಕೊಡುವುದಿಲ್ಲ. ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿ, ಪರೀಕ್ಷೆ ಮಾಡಿ ಬರೆದ ಚೀಟಿ ಬೇಕು. ಶಾಲೆ ಶುರುವಾಗುವ ಹೊತ್ತಿಗೆ ಇದೆಂಥ ತಾಪತ್ರಯ ಅನಿಸಬಹುದು, ಅದಕ್ಕೇ ಕಾರಣ ಬಿಡಿಸಿ ಹೇಳುತ್ತೇವೆ.

ಕಂಪ್ಯೂಟರ್ ಟೆಸ್ಟಿನ ಮೆಷಿನ್ ಮೇಲೆ ಗದ್ದ ಇಟ್ಟಾಗ ಒಳಗೆ ಬಣ್ಣದ ಬಲೂನು ಕಾಣುತ್ತದಲ್ವಾ? ಅದನ್ನು ದೂರದಲ್ಲಿರುವಂತೆ ತೋರಿಸುತ್ತಾರೆ, ಆದರೆ ಅದು ಕಣ್ಣೆದುರಿನ ಪೆಟ್ಟಿಗೆಯಲ್ಲೇ ಇದೆ ಅಂತ ಮಗುವಿಗೆ ಗೊತ್ತು, ಹಾಗಾಗಿ ಕಣ್ಣು ತಾನಾಗಿಯೇ ಹತ್ತಿರಕ್ಕೆ ಫೋಕಸ್ ಮಾಡಿಬಿಡುತ್ತದೆ. ಮಕ್ಕಳ ಕಣ್ಣಿನ ಲೆನ್ಸ್ ಮೆದು, ಸುಲಭವಾಗಿ ಉಬ್ಬುತ್ತದೆ. ಆ ಹೊತ್ತಿಗೆ ಮೆಷಿನ್ ಕೊಡುವ ಲೆಕ್ಕದಲ್ಲಿ ಇಲ್ಲದ ಮೈನಸ್, ಅಂದರೆ ದೂರದ್ದು ಮಸುಕಾಗಿ ಕಾಣುವವರಿಗೆ ಕೊಡುವ ನಂಬರ್, ಸೇರಿಕೊಳ್ಳುತ್ತದೆ. ಮೈನಸ್ 1 ಇರುವ ಮಗುವಿಗೆ ಮೈನಸ್ 2 ಬರಬಹುದು. ಅದಕ್ಕೆ ತಿರುಗುಮುರುಗಾದ ಪ್ಲಸ್ ನಂಬರ್ ಇರುವ ಮಗುವಿಗೂ ಮೈನಸ್ ತೋರಿಸಬಹುದು. ಅಂಥ ಕನ್ನಡಕ ಹಾಕಿದ ಮಗು ಬೋರ್ಡ್ ಓದುತ್ತದೆ, ದೂರು ಹೇಳುವುದಿಲ್ಲ, ಆದರೆ ಕಣ್ಣು ಇಡೀ ದಿನ ಸುಮ್ನೆ ದುಡಿಯುತ್ತಿರುತ್ತದೆ, ಸಂಜೆಗೆ ತಲೆನೋವು ಅನ್ನುತ್ತದೆ. ಡ್ರಾಪ್ಸ್ ಆ ಫೋಕಸ್ ಶಕ್ತಿಗೆ ಸ್ವಲ್ಪ ಹೊತ್ತು ವಿಶ್ರಾಂತಿ ಕೊಡುತ್ತದೆ. ಆಗ ನಿಜವಾದ ನಂಬರ್ ಸಿಗುತ್ತದೆ.

ಇನ್ನೊಂದು ಮಾತು. "ನಂಬರ್ ಸ್ವಲ್ಪ ಕಮ್ಮಿ ಹಾಕಿ ಕೊಡಿ, ಪೂರ್ತಿ ಹಾಕಿದರೆ ಇನ್ನೂ ಏರುತ್ತೆ" ಅಂತ ತುಂಬಾ ತಂದೆ ತಾಯಿಗಳು ಕೇಳುತ್ತಾರೆ. ಪ್ರೀತಿಯಿಂದ ಕೇಳುವ ಮಾತೇ, ಆದರೂ ಇದನ್ನೂ ನಾವು ಮಾಡುವುದಿಲ್ಲ. ಮಗು ಬೆಳೆದ ಹಾಗೆ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದವಾದರೆ ನಂಬರ್ ಏರುತ್ತದೆ, ಒಂದು ಮಿಲಿಮೀಟರ್ ಜಾಸ್ತಿಯಾದರೂ ಎರಡೂವರೆಯಿಂದ ಮೂರು ನಂಬರ್ ಆಗುತ್ತದೆ. ಸರಿಯಾದ ಕನ್ನಡಕದಿಂದ ಅದು ಉದ್ದವಾಗುವುದಿಲ್ಲ. ಮಲೇಷ್ಯಾದಲ್ಲಿ ಮಕ್ಕಳಿಗೆ ಬೇಕೆಂದೇ ಕಮ್ಮಿ ನಂಬರ್ ಕೊಟ್ಟು ಎರಡು ವರ್ಷ ನೋಡಿದ್ದರು, ಅದರ ಫಲಿತಾಂಶ 2002ರಲ್ಲಿ ಬಂತು: ಪೂರ್ತಿ ನಂಬರ್ ಹಾಕಿದವರಿಗಿಂತ ಅವರ ನಂಬರ್ ಬೇಗ ಏರಿತ್ತು. ಮೈನಸ್ 2 ಇರುವ ಮಗುವಿಗೆ ಕನ್ನಡಕ ಇಲ್ಲದೆ ಅರ್ಧ ಮೀಟರ್ ಆಚೆ ಎಲ್ಲವೂ ಮಸುಕು, ಪಾಠ ಅರ್ಥವಾಗಲಿಲ್ಲ ಅಂತ ಬೈಸಿಕೊಳ್ಳುವುದು ಕೊನೆಗೆ ಆ ಮಗುವೇ. ಮಕ್ಕಳಿಗೆ ನಿಜವಾಗಿ ಒಳ್ಳೆಯದಾಗಬೇಕು ಅಂದರೆ ಬೆಳಕಿರುವಾಗ ಹೊರಗೆ ಆಡಲು ಬಿಡಿ, ದಿನಕ್ಕೆ ಎರಡು ಗಂಟೆಯಾದರೂ. ಮೈನಸ್ ಶುರುವಾಗುವುದನ್ನೇ ಅದು ತಡ ಮಾಡುತ್ತದೆ.

ಡ್ರಾಪ್ಸ್ ಬಗ್ಗೆ ಭಯ ಬೇಡ. ಹಾಕುವಾಗ ಸ್ವಲ್ಪ ಉರಿಯುತ್ತದೆ. ಆಮೇಲೆ ಹತ್ತಿರದ ಅಕ್ಷರ ಕಾಣುವುದಿಲ್ಲ, ಬಿಸಿಲು ಚುಚ್ಚುತ್ತದೆ, ಸಾಮಾನ್ಯವಾಗಿ ಒಂದು ದಿನದಲ್ಲಿ ಸರಿಹೋಗುತ್ತದೆ. ಚಿಕ್ಕ ಮಕ್ಕಳಿಗೆ ಕೆಲವೊಮ್ಮೆ ಅಟ್ರೋಪಿನ್ ಮುಲಾಮು ಬರೆಯುತ್ತಾರೆ, ಅದರ ಪ್ರಭಾವ ಒಂದೆರಡು ವಾರ ಇರಬಹುದು. ಆದ್ದರಿಂದ ಶಾಲೆಯ ಪರೀಕ್ಷೆಯ ಹಿಂದಿನ ದಿನ ಅಲ್ಲ, ಈ ರಜೆಯಲ್ಲೇ ತೋರಿಸಿ. ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೂ ಹೋಗಬಹುದು. ಯಾವ ಡಾಕ್ಟರ ಚೀಟಿಯಾದರೂ ನಮಗೆ ಒಂದೇ, ಇಂಥವರ ಹತ್ತಿರವೇ ಹೋಗಿ ಅಂತ ನಾವು ಹೇಳುವುದಿಲ್ಲ.

ಕನ್ನಡಕ ಮುರಿದರೆ ಮಗುವನ್ನು ಕಾಯಿಸುವುದಿಲ್ಲ. ಒಂದು ವರ್ಷದೊಳಗಿನ ಚೀಟಿ ಇದ್ದರೆ ಅದೇ ನಂಬರಿಗೆ ಮಾಡಿಕೊಡುತ್ತೇವೆ. ಆರು ತಿಂಗಳೊಳಗೆ ಡಾಕ್ಟರು ನಂಬರ್ ಬದಲಿಸಿದರೆ ಅದೇ ಫ್ರೇಮಿಗೆ ಹೊಸ ಲೆನ್ಸ್ ಹಾಕುತ್ತೇವೆ, ನಮಗೆ ಬಿದ್ದ ಬೆಲೆ ಕೊಟ್ಟರೆ ಸಾಕು. ದೊಡ್ಡವರಿಗೆ, 40 ದಾಟಿ ಓದುವ ಕನ್ನಡಕ ಬೇಕಾದವರಿಗೆ ಎಲ್ಲವೂ ಮೊದಲಿನಂತೆಯೇ. ಬರುವಾಗ ಮಗುವಿನ ಹಳೇ ಕನ್ನಡಕವನ್ನೂ ತನ್ನಿ, ಅದರ ನಂಬರ್ ಅಳೆದು ಚೀಟಿಯ ಜೊತೆ ಹೋಲಿಸಿ ನೋಡುತ್ತೇವೆ.