ಮಗು ಹೇಳಿದ ಮಾತು ಯಾರ ಕೈಗೆ ಹೋಗುತ್ತದೆ? ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಮಕ್ಕಳು ಮನೆ ವಿಷಯ ಏನಾದ್ರೂ ಹೇಳಿದ್ರೆ, ನಮ್ಮನ್ನ ಕೇಳದೇನೇ ಪೊಲೀಸ್ನೋರಿಗೆ ಹೇಳಿಬಿಡ್ತೀರಂತೆ, ಹೌದಾ ಮೇಡಂ?" ಹಿಂದಿನ ಸಾಲಿನಿಂದ ಇನ್ನೊಬ್ಬರು, "ಆಮೇಲೆ ಊರಿಗೆಲ್ಲ ಗೊತ್ತಾಗುತ್ತೆ ಬಿಡಿ" ಅಂದರು. ಎರಡೂ ನ್ಯಾಯವಾದ ಆತಂಕವೇ. ಅಲ್ಲಿ ಸಮಯ ಇರಲಿಲ್ಲ, ಅದಕ್ಕೆ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲನೆಯ ಪ್ರಶ್ನೆಗೆ ಉತ್ತರ: ಹೌದು, ಕೆಲವು ವಿಷಯಗಳಲ್ಲಿ ನಿಮ್ಮ ಒಪ್ಪಿಗೆಗೆ ಕಾಯುವುದಿಲ್ಲ, ಕಾಯುವಂತೆಯೂ ಇಲ್ಲ. ಎರಡನೆಯದಕ್ಕೆ ಉತ್ತರ: ಊರಿಗೆ ಗೊತ್ತಾಗಬಾರದು ಅಂತ ಕಾನೂನೇ ಇದೆ. ಅದನ್ನು ಪಾಲಿಸಬೇಕಾದವರಲ್ಲಿ ನಾನೂ ಇದ್ದೇನೆ, ನೀವೂ ಇದ್ದೀರಿ.

ಮೊದಲು ಶಾಲೆಯೊಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಮಗು ಸಾಮಾನ್ಯವಾಗಿ ನೇರವಾಗಿ ನನ್ನ ಕೊಠಡಿಗೆ ಬಂದು ಹೇಳುವುದಿಲ್ಲ. ತನಗೆ ಇಷ್ಟವಾದ ಟೀಚರ್ ಹತ್ತಿರ, ಆಟದ ಪೀರಿಯಡ್ ಮುಗಿದ ಮೇಲೆ, ಚೀಲ ಜೋಡಿಸಿಕೊಳ್ಳುತ್ತಾ ಅರ್ಧ ಮಾತು ಹೇಳುತ್ತದೆ. "ಮಾಮ ಬಂದ ದಿನ ನಾನು ಒಬ್ಳೇ ಮನೇಲಿ ಇರಲ್ಲ ಮಿಸ್" ಅನ್ನುವಂಥ ಮಾತು. ಆಗ ನಮ್ಮ ಶಿಕ್ಷಕರು ಕೆದಕಿ ಕೆದಕಿ ಕೇಳಬಾರದು. ಬೇರೆ ಮಕ್ಕಳನ್ನು ಕರೆದು ವಿಚಾರಿಸಬಾರದು. ಮಗು ಹೇಳಿದ್ದನ್ನು ಅದೇ ಪದಗಳಲ್ಲಿ, ತಾರೀಖು ಮತ್ತು ಹೊತ್ತು ಹಾಕಿ ಬರೆದು ಅವತ್ತೇ ನನಗೆ ಕೊಡಬೇಕು. "ಮಾಮ ಕೆಟ್ಟವನಂತೆ" ಅಂತ ತಮ್ಮ ಊಹೆ ಸೇರಿಸಬಾರದು. ಮಗು ಹೇಳಿದ್ದು ಒಂದೇ ವಾಕ್ಯ ಆದರೆ ಒಂದೇ ವಾಕ್ಯ ಬರೆದರೆ ಸಾಕು. ಆ ಹಾಳೆ ನನ್ನ ಕೊಠಡಿಯ ಬೀರುವಿನಲ್ಲಿ ಬೀಗದೊಳಗೆ ಇರುತ್ತದೆ. ಸ್ಟಾಫ್ ರೂಮಿನ ಮೇಜಿನ ಮೇಲೆ ಬೀಳುವುದಿಲ್ಲ, ಮೊಬೈಲಿನಲ್ಲಿ ಫೋಟೊ ತೆಗೆಯುವುದಿಲ್ಲ, ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹೋಗುವುದಿಲ್ಲ.

ಮಗು ಸಾಮಾನ್ಯವಾಗಿ ಇನ್ನೊಂದು ಮಾತು ಸೇರಿಸುತ್ತದೆ: "ಯಾರಿಗೂ ಹೇಳ್ಬೇಡಿ ಮಿಸ್, ಪ್ರಾಮಿಸ್ ಮಾಡಿ." ಆ ಪ್ರಾಮಿಸ್ ಮಾಡಬೇಡಿ ಅಂತ ಶಿಕ್ಷಕರಿಗೆ ಹೇಳಿದ್ದೇನೆ. ಬದಲಿಗೆ, "ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ, ಯಾರಿಗೆ ಹೇಳ್ತೀನಿ ಅಂತ ನಿನಗೂ ಹೇಳ್ತೀನಿ" ಅನ್ನಬೇಕು. ನಂಬಿ ಹೇಳಿದ ಮಗುವಿಗೆ ಸುಳ್ಳು ಭಾಷೆ ಕೊಟ್ಟರೆ ಅದು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ.

ಇನ್ನು ಹೊರಗೆ ಯಾರಿಗೆ ಹೇಳುತ್ತೇವೆ ಅನ್ನುವುದು. ಲೈಂಗಿಕ ದೌರ್ಜನ್ಯ ನಡೆದಿದೆ, ಅಥವಾ ನಡೆಯಬಹುದು ಅನ್ನುವ ಅನುಮಾನ ಬಂದರೂ 2012ರ ಪೋಕ್ಸೊ ಕಾಯ್ದೆಯ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾನೂನು) 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಮುಚ್ಚಿಟ್ಟರೆ ಶಿಕ್ಷೆ ಇದೆ. ನನ್ನ ಕೈಕೆಳಗಿನ ಸಿಬ್ಬಂದಿಯೇ ತಪ್ಪು ಮಾಡಿ ನಾನು ಸುಮ್ಮನಿದ್ದರೆ ನನಗೆ ಒಂದು ವರ್ಷದವರೆಗೆ ಜೈಲು. ಇಲ್ಲಿ ಪೋಷಕರ ಒಪ್ಪಿಗೆ, ಹಿರಿಯರ ರಾಜಿ ಪಂಚಾಯಿತಿ, "ಹುಡುಗಿ ಮದುವೆ ಆಗ್ಬೇಕಲ್ಲ ಮೇಡಂ" ಅನ್ನುವ ಮಾತು ಯಾವುದೂ ನಡೆಯುವುದಿಲ್ಲ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ನೀವೂ ಹೆದರಬೇಕಾಗಿಲ್ಲ.

ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಈ ಸಮಿತಿಯ ಹೆಸರು ಕೇಳಿರದವರೇ ಜಾಸ್ತಿ. ಒಬ್ಬ ಅಧ್ಯಕ್ಷರು, ನಾಲ್ಕು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಮಗುವಿಗೆ ಏನು ಒಳ್ಳೆಯದು ಅಂತ ತೀರ್ಮಾನಿಸುವ ಅಧಿಕಾರ ಇವರದು. ಕೇಸು ನಡೆಯುವಷ್ಟು ಕಾಲ ಮಗುವಿನ ಜೊತೆ ನಿಲ್ಲಲು ಒಬ್ಬ ಬೆಂಬಲ ವ್ಯಕ್ತಿಯನ್ನೂ ಇವರೇ ಕೊಡುತ್ತಾರೆ. ಆ ವ್ಯಕ್ತಿ ಕೂಡ ಗುಟ್ಟು ಕಾಪಾಡಬೇಕು.

ಎಲ್ಲಾ ವಿಷಯವೂ ಪೊಲೀಸ್ ಠಾಣೆಗೆ ಹೋಗುವುದಿಲ್ಲ. ಮಗುವನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಾಕಿದ್ದಾರೆ, ಮದುವೆ ಗೊತ್ತು ಮಾಡಿದ್ದಾರೆ, ಕುಡಿದು ಬಂದು ದಿನಾ ಹೊಡೆಯುತ್ತಾರೆ, ನೋಡಿಕೊಳ್ಳಲು ಯಾರೂ ಇಲ್ಲ ಅನ್ನುವಂಥದ್ದನ್ನು 1098 ಸಹಾಯವಾಣಿಗೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸುತ್ತೇವೆ. ಅಲ್ಲಿಂದ ಒಬ್ಬರು ಮನೆಗೆ ಬಂದು ಸಾಮಾಜಿಕ ತನಿಖಾ ವರದಿ ಬರೆಯಬಹುದು. ಅದರಲ್ಲಿ ಮನೆಯ ಆದಾಯ, ಆರೋಗ್ಯ, ಗಂಡ-ಹೆಂಡತಿ ಹೇಗಿದ್ದಾರೆ ಅನ್ನುವುದೆಲ್ಲ ಇರುತ್ತದೆ. ಇಷ್ಟೆಲ್ಲ ಬೇರೆಯವರ ಕೈಗೆ ಹೋಗುತ್ತದಲ್ಲ ಅಂತ ಸಂಕಟ ಆಗುವುದು ಸಹಜ. ಆದರೆ 2015ರ ಬಾಲನ್ಯಾಯ ಕಾಯ್ದೆಯ 99ನೇ ಸೆಕ್ಷನ್ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋದ ವರದಿ ಗೋಪ್ಯ. ಅದರ ಸಾರವನ್ನು ಮಗುವಿಗೆ ಅಥವಾ ಪೋಷಕರಿಗೆ ಸಮಿತಿ ತಿಳಿಸಬಹುದು, ವರದಿಯಲ್ಲಿ ಬರೆದದ್ದರ ಬಗ್ಗೆ ನಿಮ್ಮ ಕಡೆಯ ಸಾಕ್ಷ್ಯ ಕೊಡಲು ಅವಕಾಶ ಮಾಡಿಕೊಡಬಹುದು. ದಯವಿಟ್ಟು ಆ ಅವಕಾಶ ಕೇಳಿ. ಬೈದು ಬಾಗಿಲು ಹಾಕಿಕೊಂಡರೆ ನಿಮ್ಮ ಮಾತು ವರದಿಯಲ್ಲಿ ಇಲ್ಲದೇ ಹೋಗುತ್ತದೆ.

ಶಾಲೆಯಿಂದ ಏನೇನು ಕೊಡುತ್ತೇವೆ ಅಂತ ಕೇಳಿದರೆ, ಬೇಕಾದಷ್ಟು ಮಾತ್ರ. ವಿಳಾಸ, ಹಾಜರಿ, ಮಗು ಹೇಳಿದ ಮಾತು, ದಾಖಲಾತಿ ವಹಿಯಲ್ಲಿರುವ ಹುಟ್ಟಿದ ತಾರೀಖು. ಅಂಕ, ಜಾತಿ, ಅಣ್ಣ ಯಾವ ಕಾಲೇಜಿನಲ್ಲಿ ಏನು ಮಾಡಿಕೊಂಡ ಅನ್ನುವ ಕತೆ ಯಾವುದನ್ನೂ ಸುಮ್ನೆ ಸೇರಿಸುವುದಿಲ್ಲ. ಹುಟ್ಟಿದ ತಾರೀಖಿನ ಬಗ್ಗೆ ಇಲ್ಲೇ ಒಂದು ಮಾತು. ವಯಸ್ಸಿನ ಬಗ್ಗೆ ಅನುಮಾನ ಬಂದಾಗ ಕಾನೂನು ಮೊದಲು ನೋಡುವುದು ಶಾಲೆ ಕೊಟ್ಟ ಜನನ ದಿನಾಂಕದ ಪ್ರಮಾಣ ಪತ್ರವನ್ನು ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು. ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ್ದರೆ ಜನನ ಪ್ರಮಾಣ ಪತ್ರ ತಂದು ಈಗಲೇ ನನ್ನನ್ನು ಕಾಣಿ. ಮಗಳ ಬಾಲ್ಯವಿವಾಹ ತಡೆಯಬೇಕಾದ ದಿನ ಆ ಒಂದು ಸಾಲೇ ಅವಳನ್ನು ಕಾಯಬಹುದು.

ಫೋನ್ ಮಾಡಿ "ನಾನು ಠಾಣೆಯಿಂದ" ಅಂದವರಿಗೆ ನಮ್ಮ ಕಚೇರಿಯಿಂದ ಯಾವ ಮಾಹಿತಿಯೂ ಸಿಗುವುದಿಲ್ಲ. ಪತ್ರ ಬೇಕು, ಗುರುತಿನ ಚೀಟಿ ಬೇಕು, ಅವರ ಕಚೇರಿಯ ನಂಬರಿಗೆ ನಾವೇ ತಿರುಗಿ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು. ಪತ್ರಕರ್ತರಿಗೆ, ಪರಿಚಯದ ಮುಖಂಡರಿಗೆ, ಸಂಬಂಧಿಕರಿಗೆ ಏನೂ ಹೇಳುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು ಕೇಳಿದರೂ ಹೆಸರು ಹೇಳುವುದಿಲ್ಲ. ಇದನ್ನು ಅವರು ಅಗೌರವ ಅಂತ ತಿಳಿಯಬಾರದು ಅಂತ ಇಲ್ಲೇ ಕೇಳಿಕೊಳ್ಳುತ್ತೇನೆ.

ಕಷ್ಟವಾದರೂ ಒಂದು ವಿಷಯ ನೇರವಾಗಿ ಹೇಳಬೇಕು. ತೊಂದರೆ ಮನೆಯವರಿಂದಲೇ ಇದೆ ಅನ್ನಿಸಿದಾಗ ಮೊದಲು ನಿಮಗೆ ಹೇಳಿ ಆಮೇಲೆ ಅಧಿಕಾರಿಗಳಿಗೆ ಹೇಳುವುದಿಲ್ಲ. ಮಗುವಿಗೆ ಅವತ್ತು ರಾತ್ರಿಯೇ ಏಟು ಬೀಳಬಹುದು, ಅಥವಾ ಮಗುವನ್ನೇ ಬೇರೆ ಊರಿಗೆ ಸಾಗಿಸಬಹುದು. ಉಳಿದ ಎಲ್ಲಾ ಸಂದರ್ಭದಲ್ಲೂ ಮೊದಲು ನಿಮ್ಮನ್ನೇ ಕರೆಯುತ್ತೇವೆ, ನಿಮ್ಮ ಜೊತೆಗೇ ಮುಂದಿನ ಹೆಜ್ಜೆ ಇಡುತ್ತೇವೆ.

ಒಬ್ಬ ತಂದೆ ಒಳ್ಳೆಯ ಪ್ರಶ್ನೆ ಕೇಳಿದ್ದರು: ಹೊಸ ಕಾನೂನು ಬಂದಿದೆಯಲ್ಲ, 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕಂತಲ್ಲ ಅಂತ. ನಿಜ, 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಹಾಗೆ ಹೇಳುತ್ತದೆ. ಯಾವುದೋ ಟ್ಯೂಷನ್ ಆ್ಯಪ್ ನಿಮ್ಮ ಮಗುವಿನ ವಿವರ ಕೇಳಿದರೆ ನೀವು ಧೈರ್ಯವಾಗಿ ಬೇಡ ಅನ್ನಬಹುದು. ಆದರೆ ಬೇರೆ ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ಮಾಹಿತಿಗೆ ಅದೇ ಕಾಯ್ದೆ ದಾರಿ ಬಿಟ್ಟಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅನ್ನುವುದು ನನಗೆ ಹೆಮ್ಮೆಯ ವಿಷಯ. ಆ ಹಕ್ಕು ಮಗುವಿನದ್ದೂ ಹೌದು. ಮಗುವಿಗೆ ನೋವು ಕೊಟ್ಟವರನ್ನು ಮರೆಮಾಡುವುದಕ್ಕೆ ಅದು ಇಲ್ಲ.

ಈಗ ಊರಿಗೆ ಗೊತ್ತಾಗುವ ವಿಷಯ. ಪೋಕ್ಸೊ ಕೇಸಿನಲ್ಲಿ ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಹೇಳಿದ ಜಾಗದಲ್ಲಿ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ, ಸಮವಸ್ತ್ರ ಹಾಕಿಕೊಳ್ಳದೆ ಬರೆದುಕೊಳ್ಳಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಎಫ್‌ಐಆರ್‌ಗಳನ್ನೆಲ್ಲ ವೆಬ್‌ಸೈಟಿಗೆ ಹಾಕಬೇಕು ಅಂತ 2016ರಲ್ಲಿ ಆದೇಶ ಕೊಟ್ಟ ಸುಪ್ರೀಂ ಕೋರ್ಟ್, ಪೋಕ್ಸೊದಂಥ ಸೂಕ್ಷ್ಮ ಪ್ರಕರಣಗಳನ್ನು ಅದರಿಂದ ಹೊರಗಿಟ್ಟಿದೆ. ಶಾಲೆಯ ಟಿಸಿಯಲ್ಲಿ ನಾವು ಇಂಥ ಒಂದಕ್ಷರವನ್ನೂ ಬರೆಯುವುದಿಲ್ಲ. ಮಗುವೇ ಏನೋ ತಪ್ಪು ಮಾಡಿ ಬಾಲನ್ಯಾಯ ಮಂಡಳಿಯ ಮುಂದೆ ಹೋಗಿದ್ದರೂ, ಕೇಸು ಮುಗಿದ ಮೇಲೆ ನಡತೆ ಪ್ರಮಾಣ ಪತ್ರಕ್ಕಾಗಿ ಪೊಲೀಸರು ಆ ದಾಖಲೆಯನ್ನು ಹೊರಗೆ ಹಾಕುವಂತಿಲ್ಲ.

ಹಾಗಾದರೆ ವಿಷಯ ಎಲ್ಲಿಂದ ಹೊರಗೆ ಬರುತ್ತದೆ? ಹೆಚ್ಚಾಗಿ ನಮ್ಮ ಬಾಯಿಂದ, ನಮ್ಮ ಮೊಬೈಲಿನಿಂದ.

ಒಂದು ಮೆಸೇಜ್ ಹೇಗಿರುತ್ತದೆ ಅಂತ ನಿಮಗೂ ಗೊತ್ತು. "ಬಸ್ ಸ್ಟ್ಯಾಂಡ್ ಹಿಂದಿನ ಬೀದಿ, ಎಂಟನೇ ಕ್ಲಾಸ್ ಹುಡುಗಿ, ಅಪ್ಪ ಟೈಲರ್, ಹೆಸರು ಹೇಳಲ್ಲ." ಹೆಸರು ಹೇಳುವ ಅಗತ್ಯವಾದರೂ ಏನಿದೆ ಇನ್ನು? ಆ ಬೀದಿಯಲ್ಲಿ ಇರುವುದು ಒಬ್ಬನೇ ಟೈಲರ್. ಮುಖ ಮಸುಕು ಮಾಡಿದ ಫೋಟೊದಲ್ಲಿ ಶಾಲೆಯ ಬ್ಯಾಡ್ಜು, ಕೂದಲ ರಿಬ್ಬನ್ನು, ಹಿಂದೆ ಮನೆಯ ಬಾಗಿಲು ಕಾಣುತ್ತಿರುತ್ತದೆ. ಕಾನೂನು ಬರೆದವರಿಗೆ ಇದು ಗೊತ್ತಿತ್ತು. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ಹೆಸರು, ಫೋಟೊ, ವಿಳಾಸದ ಜೊತೆ ಕುಟುಂಬದ ವಿವರ, ಶಾಲೆ, ನೆರೆಹೊರೆ ಎಲ್ಲವನ್ನೂ ಸೇರಿಸಿದ್ದಾರೆ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪತ್ರಿಕೆ, ಟಿವಿ ಅಷ್ಟೇ ಅಲ್ಲ, ಬೇರೆ ಯಾವುದೇ ಸಂಪರ್ಕ ಮಾಧ್ಯಮಕ್ಕೂ ಅನ್ವಯಿಸುತ್ತದೆ. ವಾಟ್ಸಾಪ್ ಅದರಲ್ಲಿ ಬರುವುದಿಲ್ಲ ಅನ್ನಲು ದಾರಿಯೇ ಇಲ್ಲ. ಈ 74ನೇ ಸೆಕ್ಷನ್ ಮೀರಿದರೆ ಆರು ತಿಂಗಳವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂಥ ಸಂತ್ರಸ್ತರ ಗುರುತು ದೂರದಿಂದಲೂ ಸಿಗುವಂಥ ಯಾವ ಸಂಗತಿಯನ್ನೂ ಪ್ರಕಟಿಸಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಜೈಲಿನ ಮಾತು ಆಡಿ ನಿಮ್ಮನ್ನು ಹೆದರಿಸಬೇಕು ಅಂತ ನನಗಿಲ್ಲ. ಆ ಹುಡುಗಿ ಮಾರನೇ ದಿನ ತರಗತಿಗೆ ಬರಬೇಕು, ಅಲ್ವಾ? ಬೆಂಚಿನಲ್ಲಿ ಪಕ್ಕ ಕೂತವಳು ಪಿಸುಗುಟ್ಟಬಾರದು, ಅಂಗಡಿಗೆ ಹೋದರೆ ಯಾರೂ ತಿರುಗಿ ನೋಡಬಾರದು. ಆಗ ಮಾತ್ರ ಅವಳು ಶಾಲೆ ಬಿಡದೆ ಉಳಿಯುತ್ತಾಳೆ. ಇದನ್ನು ನೋಡಿದ ಇನ್ನೊಂದು ಮಗುವಿಗೂ "ನಾನೂ ಹೇಳಬಹುದು" ಅನ್ನಿಸುತ್ತದೆ. ಒಬ್ಬಳ ವಿಷಯ ಬೀದಿಗೆ ಬಿದ್ದರೆ ಉಳಿದವರೆಲ್ಲ ಬಾಯಿ ಮುಚ್ಚಿಕೊಳ್ಳುತ್ತಾರೆ.

ಕಾಣೆಯಾದ ಮಕ್ಕಳ ವಿಷಯ ಸ್ವಲ್ಪ ಬೇರೆ. ಪೊಲೀಸರೇ ಫೋಟೊ ಹೊರಡಿಸಿದ್ದರೆ ಹಂಚಿ, ತಪ್ಪಿಲ್ಲ. ಮಗು ಸಿಕ್ಕಿತು ಅಂತ ಗೊತ್ತಾದ ತಕ್ಷಣ ಅಳಿಸಿ, ಕಳುಹಿಸಿದವರಿಗೂ ಅಳಿಸಲು ಹೇಳಿ. "ಎಲ್ಲಿ ಸಿಕ್ಕಿತು, ಯಾರ ಜೊತೆ ಸಿಕ್ಕಿತು" ಅಂತ ಗುಂಪಿನಲ್ಲಿ ಕೇಳಬೇಡಿ.

ತರಗತಿಯ ವಾಟ್ಸಾಪ್ ಗುಂಪುಗಳಲ್ಲಿ ಇನ್ನು ಮುಂದೆ ಶಾಲೆಯ ಸೂಚನೆಗಳನ್ನು ಮಾತ್ರ ಹಾಕುತ್ತೇವೆ. ಯಾವುದೇ ಮಗುವಿನ ಬಗ್ಗೆ ದೂರು, ಅನುಮಾನ, ಫೋಟೊ ಬಂದರೆ ಅಳಿಸಿ, ಕಳುಹಿಸಿದವರಿಗೆ ನಾನೇ ಫೋನ್ ಮಾಡುತ್ತೇನೆ. ಅನುಮಾನ ಇದ್ದರೆ ನನ್ನ ಹತ್ತಿರ ಬನ್ನಿ. ನನಗೆ ಹೇಳಲು ಮುಜುಗರವಾದರೆ, ಅಥವಾ ನಮ್ಮ ಸಿಬ್ಬಂದಿಯ ಮೇಲೇ ಅನುಮಾನ ಇದ್ದರೆ, ನೇರವಾಗಿ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಕಿಲ್ಲ, ನಿಮ್ಮ ಹೆಸರು ಹೇಳದೆಯೂ ವಿಷಯ ತಿಳಿಸಬಹುದು.

ಈ ಪತ್ರದ ಜೊತೆ ಒಂದು ಚೀಟಿ ಇದೆ. ಮಗುವನ್ನು ಕರೆದುಕೊಂಡು ಹೋಗಲು ಯಾರು ಬರಬಹುದು, ತುರ್ತಿಗೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಅದರಲ್ಲಿ ಬರೆಯಿರಿ. ತಂದೆ ತಾಯಿ ಬೇರೆಯಾಗಿದ್ದು ಮಗು ಯಾರ ಹತ್ತಿರ ಇರಬೇಕು ಅನ್ನುವ ಕೋರ್ಟ್ ಆದೇಶ ಇದ್ದರೆ ಅದರ ಒಂದು ಪ್ರತಿ ಕೊಡಿ. ಇಲ್ಲದಿದ್ದರೆ ಗೇಟಿನ ಹತ್ತಿರ ನಮಗೂ ಮಗುವಿಗೂ ಪೇಚಾಟ. ಚೀಟಿಯನ್ನು ಮಕ್ಕಳ ಕೈಯಲ್ಲಿ ಬಿಡಿಯಾಗಿ ಕಳುಹಿಸಬೇಡಿ, ಕವರಿನಲ್ಲಿ ಹಾಕಿ ಅಂಟಿಸಿ ಕೊಡಿ. ಬರೆಯಲು ತೊಂದರೆ ಇರುವವರು ಶನಿವಾರ ಮಧ್ಯಾಹ್ನ ಶಾಲೆಗೆ ಬನ್ನಿ, ನೀವು ಹೇಳಿದ್ದನ್ನು ನಾನೇ ಬರೆದು ಓದಿ ಹೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ